ಓನುಕಿ ಸಾನ್ ಉತ್ತರ ಕೊಡದ ಪೆಟ್ಟಿಗೆ

ದೆವ್ವ, ಭೂತ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗುವವರ ಪೈಕಿ ನಾನು. ಮೈಸೂರಿನಲ್ಲಿ ನಮ್ಮ ಸೋದರತ್ತೆ ಇಂಥ ಕಥೆ ಶುರುಮಾಡಿದರೆ ನಡುವೆ ಬಾಯಿ ಹಾಕಿ, "ಆಗ ಗಂಟೆ ಎಷ್ಟಾಗಿತ್ತು? ಲೈಟ್ ಇತ್ತಾ? ಇನ್ಯಾರು ನೋಡಿದ್ರು?" ಎಂದು ಕೇಳಿ ಕೇಳಿ ಅವರಿಗೆ ಸಿಟ್ಟು ಬರಿಸಿದವಳು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಗಂಟೆ ಮಧ್ಯಾಹ್ನ ಒಂದೂವರೆಯಾಗಿತ್ತು. ಲೈಟ್ ಇತ್ತು, ಗೋದಾಮಿನ ಪ್ರತಿ ಸಾಲಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಇನ್ಯಾರೂ ನೋಡಲಿಲ್ಲ.

ಅದು ಕೊರೊನಾ ಬಂದ ಮೊದಲ ವರ್ಷದ ಬೇಸಿಗೆ. ನಾನು, ನನ್ನ ಗಂಡ ಮಧು, ಏಳು ವರ್ಷದ ಮಗಳು, ಮೂವರೂ ಜಪಾನಿನ ಉರಯಾಸು ಎಂಬ ಊರಿನ ಎರಡು ಕೋಣೆಯ ಮನೆಯಲ್ಲಿದ್ದೆವು. ಊರಿಗೆ ಹೋಗುವಂತಿರಲಿಲ್ಲ. ಹೋದರೆ ಮರಳಿ ಒಳಗೆ ಬಿಡುವುದಿಲ್ಲ ಎಂದು ಇಲ್ಲಿಯ ಸರ್ಕಾರ ಹೇಳಿತ್ತು, ಅದೂ ನಮ್ಮಂಥ ಹೊರಗಿನವರಿಗೆ ಮಾತ್ರ. ಇಲ್ಲಿಯವರು ಹೋಗಿ ಬರಬಹುದಿತ್ತು. ಎಂಟು ವರ್ಷದಿಂದ ತೆರಿಗೆ ಕಟ್ಟಿಕೊಂಡು ಬಂದವಳು ನಾನು. ವೈರಸ್‌ಗೆ ಪಾಸ್‌ಪೋರ್ಟ್ ಓದಲು ಬರುತ್ತದಾ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ಕೂಗಾಡುತ್ತಿದ್ದೆ. ಮಧು ಪಾಪ, ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ನಲ್ಲಿ ಕೂತಿರುತ್ತಿದ್ದ. ಮಗಳು ಮಾತ್ರ "ಮಮ್ಮಿ, ಉರುಸಾಯಿ" ಎಂದು, ಅಂದರೆ ಗಲಾಟೆ ಸಾಕು ಎಂದು, ಜಪಾನಿಯಲ್ಲೇ ನನ್ನನ್ನು ಗದರುತ್ತಿದ್ದಳು.

ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗ ನಾನೊಬ್ಬಳು ವಾರಕ್ಕೆರಡು ದಿನ ಮಾಸ್ಕ್ ಬಿಗಿದುಕೊಂಡು ರೈಲು ಬದಲಿಸಿ ಕಾವಾಸಾಕಿಯ ಒಂದು ಗೋದಾಮಿಗೆ ಹೋಗಬೇಕಿತ್ತು. ರೈಲಿನಲ್ಲಿ ನಾನು ಕೂತರೆ ಪಕ್ಕದವರು ಮೆಲ್ಲಗೆ ಎದ್ದು ನಿಲ್ಲುತ್ತಿದ್ದರು. ಇಷ್ಟಕ್ಕೆಲ್ಲ ಕಾರಣ ಒಂದು ಮೊಹರು. ಇಲ್ಲಿ ಸಹಿಯ ಬದಲು ಹೆಸರು ಕೆತ್ತಿದ ಪುಟ್ಟ ಮೊಹರನ್ನು ಕೆಂಪು ಶಾಯಿಯಲ್ಲಿ ಅದ್ದಿ ಒತ್ತುತ್ತಾರೆ. ಕಾಗದದ ಮೇಲೆ ಅದು ಬೀಳದೆ ಯಾವ ಕೆಲಸವೂ ಮುಂದಕ್ಕೆ ಹೋಗುವುದಿಲ್ಲ, ಪ್ರಪಂಚವೇ ಮುಳುಗುತ್ತಿದ್ದರೂ.

ನಮ್ಮದು ಬೆಂಗಳೂರಿನವರು ನಡೆಸುವ ಸಣ್ಣ ಸಾಫ್ಟ್‌ವೇರ್ ಕಂಪನಿ. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಕೆಲಸವೊಂದು ನಮಗೆ ಸಿಕ್ಕಿತ್ತು. ದಕ್ಷಿಣದ ಕಡಲ ತೀರದಲ್ಲಿದ್ದು, ಆಮೇಲೆ ಮುಚ್ಚಿಹೋದ ಒಂದು ಕೇಂದ್ರದ ಕಾಗದಗಳವು. ಅಮೆರಿಕ, ರಷ್ಯಾ ಜಿದ್ದಿಗೆ ಬಿದ್ದು ರಾಕೆಟ್ ಹಾರಿಸುತ್ತಿದ್ದ ಕಾಲದಲ್ಲಿ ಆ ಕೇಂದ್ರದವರು ತಲೆಯ ಮೇಲೆ ಹಾದುಹೋಗುವ ಉಪಗ್ರಹಗಳ ಸಂಕೇತವನ್ನು ಆಂಟೆನಾದಿಂದ ಹಿಡಿಯುತ್ತಿದ್ದರು. ಇಸಿಜಿ ತೆಗೆಯುವ ಹಾಗೆ ಉದ್ದನೆಯ ಕಾಗದದ ಸುರುಳಿ ಓಡುತ್ತಿತ್ತು, ಅದರ ಮೇಲೆ ಪೆನ್ನು ಗೆರೆ ಎಳೆಯುತ್ತಿತ್ತು. ಅಂಥ ಸುರುಳಿಗಳು ಗೋದಾಮಿನ ತುಂಬ ಪೆಟ್ಟಿಗೆಗಟ್ಟಲೆ ಇದ್ದವು. ಬೇಕಾದವನ್ನು ಸ್ಕ್ಯಾನ್ ಮಾಡಬೇಕು, ಬೇಡದವನ್ನು ಪಟ್ಟಿ ಮಾಡಿ ರದ್ದಿ ಕಾರ್ಖಾನೆಗೆ ಕಳಿಸಬೇಕು. ರದ್ದಿಯ ಪಟ್ಟಿಯ ಮೇಲೆ ಇಬ್ಬರ ಮೊಹರು ಬೀಳಬೇಕು: ನಮ್ಮ ಕಂಪನಿಯ ಪರವಾಗಿ ನನ್ನದು, ಗೋದಾಮಿನ ಪರವಾಗಿ ಓನುಕಿ ಸಾನ್ ಅವರದು.

ಓನುಕಿ ಸಾನ್‌ಗೆ, ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ, ಎಪ್ಪತ್ತಾರು ವರ್ಷ. ನಿವೃತ್ತರಾಗಿ ಮನೆಯಲ್ಲಿದ್ದವರು, ಈ ಪೆಟ್ಟಿಗೆಗಳು ಕಾವಾಸಾಕಿಗೆ ಬಂದಿವೆ ಎಂದು ತಿಳಿದು ತಾವಾಗಿಯೇ ಕೇಳಿಕೊಂಡು ಕೆಲಸಕ್ಕೆ ಬಂದಿದ್ದರು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವರು ಅದೇ ಕೇಂದ್ರದಲ್ಲಿ, ಆ ಪೆನ್ನಿನ ಯಂತ್ರದ ಮುಂದೆಯೇ ಕೂತಿದ್ದವರು. ಊಟದ ಹೊತ್ತಿನಲ್ಲಿ ನನ್ನ ಚಿತ್ರಾನ್ನಕ್ಕೂ ಅವರ ಉಪ್ಪು ಹಾಕಿದ ಹುಳಿಹಣ್ಣಿಗೂ ಅದಲುಬದಲು ನಡೆಯುತ್ತಿತ್ತು, ಆಗ ಹಳೆಯದನ್ನೆಲ್ಲ ಹೇಳುತ್ತಿದ್ದರು. ಜಪಾನಿನವರು ತಮ್ಮ ಮೊದಲ ಉಪಗ್ರಹವನ್ನು ಹಾರಿಸಲು ಹೊರಟು ನಾಲ್ಕು ಸಲ ಸೋತರು. ನಾಲ್ಕು ಸಲವೂ ಓನುಕಿ ಸಾನ್ ಸುರುಳಿ ಓಡಿಸಿಕೊಂಡು ಕಾದರು, ಸಂಕೇತ ಬರಲಿಲ್ಲ, ಪೆನ್ನು ನೇರವಾಗಿ ಗೆರೆ ಎಳೆದುಕೊಂಡು ಹೋಯಿತು. ಹೊರಗಿನವರು ಲೇವಡಿ ಮಾಡಿದರು. ಹತ್ತಿರದ ಮೀನುಗಾರರ ಊರಿನ ಹೆಂಗಸರು ಮಾತ್ರ ಪ್ರತಿ ಸಲವೂ ಈ ಸಲ ಗೆಲ್ಲಲಿ ಎಂದು ಹಾರೈಸಿ ಕಾಗದದಲ್ಲಿ ಸಾವಿರ ಕೊಕ್ಕರೆ ಮಡಿಸಿ ಪೋಣಿಸಿ ತಂದುಕೊಡುತ್ತಿದ್ದರಂತೆ. ಐದನೆಯ ಸಲ ಹಾರಿದ್ದು ಭೂಮಿಯನ್ನು ಒಂದು ಸುತ್ತು ಹಾಕಿತು. ಎರಡೂವರೆ ಗಂಟೆಯ ಮೇಲೆ ಅದರ ಸಂಕೇತ ಬಂತು, ಪೆನ್ನು ಅಲ್ಲಾಡಿತು. ಆ ಕ್ಷಣ ಅವರು ಸುರುಳಿಯ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಬರೆದರಂತೆ. ಏನು ಬರೆದೆ ಎಂಬುದು ಈಗ ನೆನಪಿಲ್ಲ ಎನ್ನುತ್ತಿದ್ದರು.

"ಅದು ಈ ಪೆಟ್ಟಿಗೆಗಳಲ್ಲಿ ಎಲ್ಲೋ ಇದೆ. ಆ ನಾಲ್ಕು ನೇರ ಗೆರೆಗಳೂ ಇವೆ. ಸಿಕ್ಕಿದ ದಿನ ದಯವಿಟ್ಟು ನನ್ನನ್ನು ಕರೆಯಿರಿ," ಎಂದು ನನಗೆ ಹೇಳಿಟ್ಟಿದ್ದರು. ಕರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಅವರ ಒಂದು ಅಭ್ಯಾಸ ಮಾತ್ರ ನನಗೆ ತಲೆನೋವು. ಇಲ್ಲಿಯ ರೈಲಿನವರು, ಕಾರ್ಖಾನೆಯವರು ಯಾವುದನ್ನೇ ಪರೀಕ್ಷಿಸುವಾಗಲೂ ಬೆರಳು ಚಾಚಿ ತೋರಿಸಿ, ಗಟ್ಟಿಯಾಗಿ ಹೆಸರು ಹೇಳಿ, "ಯೋಶಿ" ಎನ್ನುತ್ತಾರೆ, ಸರಿಯಾಗಿದೆ ಎಂದು. ಇಬ್ಬರಿದ್ದರೆ ಒಬ್ಬರು ಕೂಗಬೇಕು, ಇನ್ನೊಬ್ಬರು ನೋಡಿ ಉತ್ತರ ಕೊಡಬೇಕು. ಓನುಕಿ ಸಾನ್ ಒಂದು ಪೆಟ್ಟಿಗೆಯನ್ನೂ ಇದಿಲ್ಲದೆ ಬಿಡುತ್ತಿರಲಿಲ್ಲ. ನಾನು ಬೆರಳು ತೋರಿಸಿ ಕೂಗಬೇಕು. ಅವರು ಕನ್ನಡಕ ಮೇಲೇರಿಸಿ, ಚೀಟಿ ಓದಿ, ಗಂಟಲು ಸರಿಮಾಡಿಕೊಂಡು "ಯೋಶಿ" ಎನ್ನಬೇಕು. ಇಬ್ಬರು ದೊಡ್ಡವರು ಖಾಲಿ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಬೆರಳು ತೋರಿಸಿಕೊಂಡು ಕೂಗುವುದನ್ನು ನೆನೆದರೆ ನನಗೆ ನಾಚಿಕೆಯಾಗುತ್ತಿತ್ತು.

ಜುಲೈ ಕೊನೆಯಲ್ಲಿ ಓನುಕಿ ಸಾನ್‌ಗೆ ಜ್ವರ ಬಂತು. ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದರು. ಅದೇ ವಾರ ಎರಡು ರದ್ದಿ ಪಟ್ಟಿಗಳು ಮುಗಿಯಬೇಕಿತ್ತು. ಪಟ್ಟಿ ತಯಾರಿಸಿದ್ದು ನನ್ನದೇ ಪ್ರೋಗ್ರಾಮ್. ಪೆಟ್ಟಿಗೆಯ ಚೀಟಿಯ ಮೇಲಿನ ತಾರೀಕು ಓದಿ ಅದು ವಿಂಗಡಿಸುತ್ತಿತ್ತು. ೧೯೫೭ಕ್ಕೆ ಮುಂಚೆ ಆಕಾಶದಲ್ಲಿ ಮನುಷ್ಯ ಹಾರಿಸಿದ ಉಪಗ್ರಹವೇ ಇರಲಿಲ್ಲ, ಆದ್ದರಿಂದ ಅದಕ್ಕಿಂತ ಹಳೆಯ ಕಾಗದವೆಲ್ಲ ಯುದ್ಧಕಾಲದ ಕಸ, ರದ್ದಿಗೆ ಎಂಬ ನಿಯಮ ಬರೆದಿದ್ದೆ. ಎಷ್ಟು ಚೆನ್ನಾಗಿ ಯೋಚಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ನಮ್ಮ ಮ್ಯಾನೇಜರ್ ಗುರುಪ್ರಸಾದ್ ಎಂಬಾತ, ಹಾಸನದ ಕಡೆಯವನು, ಮನೆಯಲ್ಲಿ ಕೂತು ಫೋನ್ ಮಾಡಿದ.

"ಮೇಡಂ, ಓನುಕಿ ಸಾನ್ ಸ್ಟ್ಯಾಂಪ್ ಅವರ ಡ್ರಾಯರ್‌ನಲ್ಲೇ ಇದೆಯಂತೆ. ಎರಡೂ ನೀವೇ ಹಾಕಿಬಿಡಿ."

"ಅದು ಅವರ ಹೆಸರು ಗುರು. ನಾನು ಹೇಗೆ ಹಾಕ್ಲಿ? ಅವರು ನೋಡೇ ಇಲ್ಲ."

"ಇದೇನು ಕೋರ್ಟ್ ಪೇಪರಾ? ರದ್ದಿ ಮೇಡಂ, ರದ್ದಿ. ಇಲ್ಲಿ ಎಲ್ರೂ ಹಾಗೇ ಮಾಡ್ತಾರೆ. ಟ್ರಕ್ ಬುಕ್ ಆಗಿದೆ, ಪ್ಲೀಸ್ ಇಶ್ಯೂ ಮಾಡ್ಬೇಡಿ."

ನನಗೆ ಮೈ ಉರಿಯಿತು. ಆದರೆ ನನ್ನ ಸಿಟ್ಟಿನ ಹಣೆಬರಹವೇ ಅಷ್ಟು, ಕೂಗಾಡಿ ಮುಗಿದ ಮೇಲೆ ಹೇಳಿದ್ದನ್ನು ಮಾಡಿಬಿಡುತ್ತೇನೆ. ಮಂಗಳವಾರ ಕಾವಾಸಾಕಿಗೆ ಹೋದೆ. ಯಾರಿಗಾಗಿ ಈ ಬಿಸಿಲಲ್ಲಿ ಬಂದು ಸಾಯಬೇಕು ಎಂದು ಬೈದುಕೊಳ್ಳುತ್ತಾ, ಕುರ್ಚಿಯಿಂದ ಏಳದೆ, ಒಂದು ಪೆಟ್ಟಿಗೆಯನ್ನೂ ನೋಡದೆ, ಪಟ್ಟಿಯ ಪ್ರತಿ ಹಾಳೆಗೂ ನನ್ನದೊಂದು, ಓನುಕಿ ಸಾನ್‌ದೊಂದು ಮೊಹರು ಒತ್ತಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಟ್ರಕ್ ಬಂದು ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಯಿತು.

ಗುರುವಾರ ಎರಡನೆಯ ಪಟ್ಟಿ. ಟ್ರಕ್ ಮೂರು ಗಂಟೆಗೆ. ಅಂದು ಬೆಳಿಗ್ಗೆ ಗುರುಪ್ರಸಾದ್ ಮೆಸೇಜ್ ಕಳಿಸಿದ್ದ: ಮೊನ್ನೆಯ ಹಾಗೇ ಬೇಗ ಮುಗಿಸಿ, ಸೂಪರ್ ಸ್ಪೀಡ್, ಜೊತೆಗೊಂದು ಹೆಬ್ಬೆರಳು. ಆ ಹೆಬ್ಬೆರಳನ್ನು ನೋಡಿದ್ದೇ ನನಗೆ ತಲೆ ಕೆಟ್ಟಿತು. ಬೇಕಂತಲೇ ನಿಧಾನ ಮಾಡುತ್ತೇನೆ, ಅವನ ಟ್ರಕ್ ಕಾಯಲಿ ಎಂದು ಪಟ್ಟಿ ಹಿಡಿದು ಪೆಟ್ಟಿಗೆಗಳ ಸಾಲಿಗೆ ಹೋದೆ. ಹೋಗಿ ಓನುಕಿ ಸಾನ್‌ರ ಹಾಗೇ ಕಾಲು ಜೋಡಿಸಿ ನಿಂತು, ಬೆರಳು ಚಾಚಿ, ಅಣಕಿಸುತ್ತಾ ಕೂಗಿದೆ.

"ಒಂದನೇ ಪೆಟ್ಟಿಗೆ, ರದ್ದಿಗೆ. ಯೋಶಿ?"

ಕಪಾಟಿನ ಆಚೆ ಬದಿಯಿಂದ ಗಂಟಲು ಸರಿಮಾಡಿಕೊಂಡ ಸದ್ದು, ಆಮೇಲೆ "ಯೋಶಿ."

ಅದು ಓನುಕಿ ಸಾನ್‌ರ ಧ್ವನಿ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುವುದೂ ಅವರದ್ದೇ. ಹೆದರಿದೆನೇ ಎಂದು ನೀವು ಕೇಳಬಹುದು. ಇಲ್ಲ. ಈ ಮುದುಕರು ಆಸ್ಪತ್ರೆಯಿಂದ ಬಿಡಿಸಿಕೊಂಡು ನೇರವಾಗಿ ಇಲ್ಲಿಗೇ ಬಂದಿದ್ದಾರೆ ಎಂದುಕೊಂಡು ಅವರ ಮೇಲೂ ರೇಗಿದೆ. "ಓನುಕಿ ಸಾನ್, ಹುಷಾರಿಲ್ಲದೆ ಯಾಕೆ ಬಂದಿರಿ? ಯಾರು ಬಿಟ್ಟರು ನಿಮ್ಮನ್ನು?" ಎಂದೆ. ಉತ್ತರವಿಲ್ಲ. ಕಪಾಟಿನ ಆಚೆಗೆ ಹೋಗಿ ನೋಡಬಹುದಿತ್ತು. ಹೋಗಲಿಲ್ಲ, ಅದಕ್ಕೂ ಕಾರಣವಿದೆ. ಆಗ ಎಲ್ಲರೂ ಎಲ್ಲರಿಂದಲೂ ದೂರ ನಿಲ್ಲುತ್ತಿದ್ದ ಕಾಲ. ಸೋಂಕು ತಾಗದಿರಲಿ ಎಂದು ಅವರೇ ಆಚೆ ನಿಂತಿದ್ದಾರೆ, ನಾನೂ ಈಚೆಯೇ ಇರುವುದು ಮರ್ಯಾದೆ ಎಂದುಕೊಂಡೆ. ಕೂಗುತ್ತಾ ಹೋದೆ. ಎರಡು, ಯೋಶಿ. ಮೂರು, ಯೋಶಿ. ಅಣಕಿಸುವುದು ಯಾವಾಗ ನಿಂತಿತೋ ಗೊತ್ತಿಲ್ಲ, ನಾಲ್ಕೈದು ಪೆಟ್ಟಿಗೆ ಆಗುವಷ್ಟರಲ್ಲಿ ನಾನು ಸರಿಯಾಗಿಯೇ ಕೂಗುತ್ತಿದ್ದೆ. ಒಬ್ಬಳೇ ಇಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಒಂಬತ್ತನೆಯ ಪೆಟ್ಟಿಗೆಯ ಚೀಟಿಯಲ್ಲಿ 45.2.11 ಎಂದಿತ್ತು. ಕೂಗಿದೆ. ಉತ್ತರ ಬರಲಿಲ್ಲ.

ಇನ್ನೊಮ್ಮೆ ಕೂಗಿದೆ. ಗಂಟಲಿನ ಸದ್ದು ಕೂಡ ಇಲ್ಲ. ಮೂರನೆಯ ಸಲ ಕೂಗಿ, ಕೋಪ ತಡೆಯಲಾರದೆ ಕನ್ನಡದಲ್ಲೇ, "ಏನ್ ಸಾರ್, ನಿದ್ದೆ ಬಂತಾ?" ಎನ್ನುತ್ತಾ ಕಪಾಟಿನ ಆಚೆ ಬದಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಆ ಓಣಿಯ ಇನ್ನೊಂದು ತುದಿ ಗೋಡೆ. ಗೋದಾಮಿಗೆ ಇರುವುದು ಒಂದೇ ಬಾಗಿಲು, ತೆರೆದರೆ ಗಂಟೆ ಹೊಡೆದುಕೊಳ್ಳುತ್ತದೆ, ಅದು ಹೊಡೆದುಕೊಂಡಿರಲಿಲ್ಲ. ಇದ್ದದ್ದು ನಾನು, ಪೆಟ್ಟಿಗೆಗಳು, ಟ್ಯೂಬ್‌ಲೈಟಿನ ಸದ್ದು.

ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟೇ. ನನ್ನ ಹತ್ತಿರ ಆಟವಾಡುತ್ತಿದ್ದೀರಾ ಎಂದು, ಯಾರನ್ನು ಕೇಳುತ್ತಿದ್ದೇನೆಂದು ತಿಳಿಯದೆಯೇ ಬೈದು, ಆ ಒಂಬತ್ತನೆಯ ಪೆಟ್ಟಿಗೆಯನ್ನು ಎಳೆದು ನೆಲಕ್ಕಿಳಿಸಿ ಟೇಪು ಕಿತ್ತೆ.

ಒಳಗೆ ಒಂದೇ ಸುರುಳಿ. ಬಿಚ್ಚುತ್ತಾ ಹೋದೆ. ಮಾರುಗಟ್ಟಲೆ ನೇರ ಗೆರೆ. ಆಮೇಲೆ ಗೆರೆ ನಡುಗಿತು, ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. ಅದು ಮೊದಲು ಎದ್ದ ಜಾಗದಲ್ಲಿ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಒಂದೇ ಪದ: 'ಕಿತಾ'. ನನಗೆ ಬರುವ ಅಷ್ಟಿಷ್ಟು ಜಪಾನಿಯಲ್ಲಿ ಅಷ್ಟನ್ನು ಓದಬಲ್ಲೆ. 'ಬಂತು' ಎಂದರ್ಥ. ಅದರ ಕೆಳಗೆ ಮಾಸಿದ ಕೆಂಪು ಮೊಹರು. ಅಂದು ಒತ್ತಲೆಂದು ನಾನು ಜೇಬಿನಲ್ಲಿಟ್ಟುಕೊಂಡಿದ್ದ ಓನುಕಿ ಸಾನ್‌ರ ಅದೇ ಮೊಹರು.

ಆಗ ನನಗೆ ಹೊಳೆಯಿತು. ಇಲ್ಲಿ ವರ್ಷಗಳನ್ನು ಚಕ್ರವರ್ತಿ ಪಟ್ಟಕ್ಕೆ ಬಂದಾಗಿನಿಂದ ಎಣಿಸುತ್ತಾರೆ. 45 ಎಂದರೆ ೧೯೪೫ ಅಲ್ಲ, ಶೋವಾ ನಲವತ್ತೈದು, ಅಂದರೆ ೧೯೭೦. ಇದು ನನಗೆ ಗೊತ್ತಿಲ್ಲದ ವಿಷಯವೇ? ಮಗಳ ಶಾಲೆಯ ಫಾರಂನಲ್ಲಿ, ನಗರಸಭೆಯ ಅರ್ಜಿಯಲ್ಲಿ, ಎಲ್ಲ ಕಡೆ ಈಗಿನ ಚಕ್ರವರ್ತಿಯ ಲೆಕ್ಕದಲ್ಲಿ 'ರೇವಾ ಎರಡು' ಎಂದು ಆ ವರ್ಷವಿಡೀ ಬರೆದವಳು ನಾನೇ. ಆದರೂ ಕಂಪ್ಯೂಟರ್ ಮುಂದೆ ಕೂತಾಗ ಎರಡಂಕಿಯ ವರ್ಷ ಕಂಡರೆ ಹಿಂದೆ ಹತ್ತೊಂಬತ್ತು ಹಚ್ಚುವುದು ನಮ್ಮ ಕೈಗೆ ಅಂಟಿದ ಚಾಳಿ. ಯುದ್ಧಕಾಲದ ಕಸ ಎಂದು ನಾನು ರದ್ದಿಗೆ ಹಾಕಿದ್ದೆಲ್ಲವೂ ಉಪಗ್ರಹಗಳ ಕಾಲದ್ದೇ. ಮಂಗಳವಾರ ಓನುಕಿ ಸಾನ್ ಒಂದು ಚೀಟಿ ನೋಡಿದ್ದರೂ ಸಾಕಿತ್ತು, ಮೊದಲ ಪೆಟ್ಟಿಗೆಯಲ್ಲೇ ನಿಲ್ಲಿಸುತ್ತಿದ್ದರು.

ಓಡಿಹೋಗಿ ಮಂಗಳವಾರದ ಪಟ್ಟಿ ತೆಗೆದೆ. ಉಳಿದವುಗಳ ನಡುವೆ 41.9, 41.12, 42.4, 44.9, ಓನುಕಿ ಸಾನ್ ಹೇಳಿದ್ದ ಆ ಸೋಲುಗಳ ತಿಂಗಳುಗಳೇ. ನಾಲ್ಕು. ಅವು ಇದ್ದ ಹಾಳೆಗಳ ಮೇಲೆ ನನ್ನ ಮೊಹರು, ಅವರ ಮೊಹರು. ರದ್ದಿ ಕಾರ್ಖಾನೆಗೆ ಫೋನ್ ಮಾಡಿದೆ. ಬುಧವಾರ ಬೆಳಿಗ್ಗೆಯೇ ಎಲ್ಲವನ್ನೂ ನೀರಿನಲ್ಲಿ ಅರೆದು ತಿರುಳು ಮಾಡಿಯಾಯಿತು ಎಂದು ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ ಹೇಳಿದಳು. ಅರಿಗಾತೋ, ಥ್ಯಾಂಕ್ಸ್, ಎಂದು ಫೋನ್ ಇಟ್ಟೆ, ಅಭ್ಯಾಸಬಲ.

ಮೂರಕ್ಕೆ ಟ್ರಕ್ ಬಂತು. ಏನೂ ಹೋಗುವುದಿಲ್ಲ, ಸುಮಿಮಾಸೆನ್, ಕ್ಷಮಿಸಿ, ಎಂದೆ. ಚಾಲಕ ನನ್ನ ಮುಖ ನೋಡಿ, ತಲೆಬಾಗಿ, ಖಾಲಿ ಗಾಡಿ ಓಡಿಸಿಕೊಂಡು ಹೋದ. ಹತ್ತು ನಿಮಿಷದಲ್ಲಿ ಗುರುಪ್ರಸಾದ್ ಫೋನ್.

"ಏನ್ ಮೇಡಂ ಇದು, ಟ್ರಕ್ ವಾಪಸ್ ಕಳಿಸಿದ್ರಂತೆ?"

"ಹೌದು, ಕಳಿಸಿದೆ. ಮೊನ್ನೆ ನಿನ್ನ ಮಾತು ಕೇಳಿ ಕಳಿಸಿದ್ದಿದೆಯಲ್ಲ, ಅದನ್ನ ವಾಪಸ್ ತರಿಸಿಕೊಡು. ಆಮೇಲೆ ಮಾತಾಡು."

"ನನ್ ಮೇಲೆ ಯಾಕೆ ಕೂಗ್ತೀರಾ? ಪ್ರೋಗ್ರಾಮ್ ಬರೆದಿದ್ದು ನೀವು."

ಅವನು ಹೇಳಿದ್ದು ನಿಜ. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ.

ಆ ಸಂಜೆ ಓನುಕಿ ಸಾನ್‌ರ ಮಗಳಿಗೆ ಫೋನ್ ಮಾಡಿದೆ. ತಂದೆ ಯಾವಾಗ ಆಸ್ಪತ್ರೆಯಿಂದ ಬಂದರು ಎಂದು ಕೇಳಿದೆ.  ಬುಧವಾರ ರಾತ್ರಿ ಉಸಿರಾಟ ಕೆಟ್ಟು ಗಂಟಲಿಗೆ ಕೊಳವೆ ಹಾಕಿದ್ದಾರೆ, ಎಚ್ಚರ ತಪ್ಪಿಸಿ ಮಲಗಿಸಿದ್ದಾರೆ, ನಮ್ಮನ್ನೂ ಒಳಗೆ ಬಿಡುತ್ತಿಲ್ಲ ಎಂದಳು. ಅಂದರೆ ಗುರುವಾರ ಮಧ್ಯಾಹ್ನ ಒಂದೂವರೆಗೆ ಓನುಕಿ ಸಾನ್ ಯಾರ ಯಾವ ಮಾತಿಗೂ ಉತ್ತರ ಕೊಡುವ ಹಾಗಿರಲಿಲ್ಲ.

ಸೋದರತ್ತೆಗೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಆಮೇಲೆ ನನಗೆ ನಾನೇ ಕೇಳಿಕೊಂಡೆ. ಅದೇ ಜಾಗದಲ್ಲಿ ನಿಂತು ಮತ್ತೆ ಮತ್ತೆ ಕೂಗಿ ನೋಡಿದೆ, ಪ್ರತಿಧ್ವನಿ ಬರುವುದಿಲ್ಲ. ಗೋದಾಮಿನ ಕ್ಯಾಮೆರಾ ಚಿತ್ರ ತೆಗೆಸಿದೆ. ಅದರಲ್ಲಿ ಸದ್ದು ಇಲ್ಲ, ಚಿತ್ರ ಮಾತ್ರ. ನಾನೊಬ್ಬಳೇ ಬೆರಳು ತೋರಿಸುತ್ತೇನೆ, ಬಾಯಿ ಆಡುತ್ತದೆ, ಸ್ವಲ್ಪ ಕಾಯುತ್ತೇನೆ, ಯಾರಿಗೋ ತಲೆಯಾಡಿಸುತ್ತೇನೆ, ಮುಂದಕ್ಕೆ ಹೋಗುತ್ತೇನೆ. ಒಂಬತ್ತನೆಯದರ ಮುಂದೆ ತುಂಬ ಹೊತ್ತು ನಿಂತಿದ್ದೇನೆ. ಅದನ್ನು ನೋಡುವಾಗ ನನ್ನ ಬಗ್ಗೆ ನನಗೇ ಹೇಗೋ ಅನಿಸಿತು. ಮಧು ಎಲ್ಲ ಕೇಳಿ, "ನಿನ್ ತಲೆಗೇ ಒಳಗೆ ಎಲ್ಲೋ ಗೊತ್ತಿತ್ತು ಕಣೇ, ಅದೇ ಹಾಗೆ ತಡೀತು" ಎಂದ. ಇರಬಹುದು. ಆದರೆ ಒಂದನೆಯದರಿಂದ ಎಂಟನೆಯದರವರೆಗಿನ ಪೆಟ್ಟಿಗೆಗಳನ್ನೂ ಆಮೇಲೆ ತೆಗೆದು ನೋಡಿದೆ. ಕೇಂದ್ರದ ಅಡುಗೆಮನೆಯ ಸಾಮಾನಿನ ಪಟ್ಟಿ, ಬಸ್ಸಿನ ವೇಳಾಪಟ್ಟಿ, ನಿಜವಾದ ರದ್ದಿ. ಆ ಮುಚ್ಚಿದ ಪೆಟ್ಟಿಗೆಗಳ ಒಳಗೆ ಏನಿದೆ ಎಂಬುದು ನನ್ನ ತಲೆಗೆ ಹೇಗೆ ಗೊತ್ತಿರುತ್ತದೆ?

ಓನುಕಿ ಸಾನ್ ಬದುಕಿದರು. ನವೆಂಬರಿನಲ್ಲಿ ಒಂದು ದಿನ ಮಗಳ ಕೈ ಹಿಡಿದುಕೊಂಡು ಗೋದಾಮಿಗೆ ಬಂದರು. ಅರ್ಧಕ್ಕೆ ಇಳಿದುಹೋಗಿದ್ದರು. ಕೊಳವೆ ಹಾಕಿದ್ದರಿಂದಲೋ ಏನೋ ಧ್ವನಿ ಹೋಗಿತ್ತು, ಪಿಸುಮಾತು ಮಾತ್ರ ಉಳಿದಿತ್ತು. ಮೇಜಿನ ಮೇಲೆ ಸುರುಳಿ ಬಿಚ್ಚಿ ತೋರಿಸಿದೆ. 'ಕಿತಾ' ಎಂಬಲ್ಲಿ ಬೆರಳಿಟ್ಟು, ಇಷ್ಟೇನಾ ಬರೆದದ್ದು ಎಂಬಂತೆ ನಕ್ಕರು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನಾಲ್ಕು ಬೆರಳು ಎತ್ತಿ ತೋರಿಸಿ ನನ್ನ ಮುಖ ನೋಡಿದರು.

ಹೇಳಿದೆ. ಮಂಗಳವಾರದ್ದು, ಅವರ ಮೊಹರು, ನನ್ನ ನಿಯಮ, ರದ್ದಿ ಕಾರ್ಖಾನೆ, ಎಲ್ಲ ಹೇಳಿದೆ. ಗುರುಪ್ರಸಾದನ ಹೆಸರು ಎತ್ತಲಿಲ್ಲ, ಎತ್ತಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಗುರುವಾರ ಕೇಳಿದ ಧ್ವನಿಯ ಬಗ್ಗೆಯೂ ಹೇಳಿದೆ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಸಂಕೇತ ಬರದೇ ಹೋದದ್ದಕ್ಕೂ ಸಾಕ್ಷಿ ಇರಬೇಕಿತ್ತು ಎಂದು ಮಾತ್ರ ಪಿಸುಗುಟ್ಟಿದರು. ಆಮೇಲೆ ನನ್ನ ಕಡೆ ಬಾಗಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಮಂಗಳವಾರ ನೀವು ಕೂಗಿದಿರಾ?"

ಇಲ್ಲ ಎಂದೆ. ಅವರು ತಲೆಯಾಡಿಸಿದರು. ಮೇಜಿನ ಮೇಲೆ ನಾನಿಟ್ಟಿದ್ದ ತಮ್ಮ ಮೊಹರನ್ನು ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡು ಎದ್ದರು.

ಇದಾಗಿ ವರ್ಷಗಳಾದವು. ಆ ಧ್ವನಿ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗುರುಪ್ರಸಾದನ ಮೇಲಿನ ಸಿಟ್ಟು ಇಳಿಯಿತು, ಸರ್ಕಾರದ ಮೇಲಿನದ್ದೂ ಇಳಿಯಿತು, ನನ್ನ ಮೇಲಿನದು ಮಾತ್ರ ಹಾಗೇ ಇದೆ. ಈಗ ನಾನು ಯಾವ ಪಟ್ಟಿಯನ್ನೂ ಕೂಗದೆ ಮುಗಿಸುವುದಿಲ್ಲ. ಪೆಟ್ಟಿಗೆಗೆ ಬೆರಳು ಚಾಚಿ ಗಟ್ಟಿಯಾಗಿ ಕೂಗುತ್ತೇನೆ, ಆಮೇಲೆ ನಿಂತು ಕಾಯುತ್ತೇನೆ. ನೋಡಿದವರು ನಗುತ್ತಾರೆ. ಉತ್ತರ ಮತ್ತೆಂದೂ ಬಂದಿಲ್ಲ. ಆ ಮಂಗಳವಾರ ಒಮ್ಮೆ ಕುರ್ಚಿಯಿಂದ ಎದ್ದು ಕೂಗಿದ್ದರೆ ಉತ್ತರ ಬಂದು ಆ ನಾಲ್ಕರ ಮುಂದೆ ನಿಲ್ಲುತ್ತಿತ್ತೇ, ಅದನ್ನು ಕೂಗಿ ನೋಡಲು ಈಗ ಆ ಪೆಟ್ಟಿಗೆಗಳಿಲ್ಲ.